ಹೊರಗುತ್ತಿಗೆಯೋ, ಗುತ್ತಿಗೆ ಪ್ರೋಗ್ರಾಮರನೋ? – ಸಣ್ಣ ತಂತ್ರಾಂಶ ಸಂಸ್ಥೆಯ ಮುಂದಿರುವ ಪ್ರಶ್ನೆ

ಸಾಬರಮತಿಯ ಪಶ್ಚಿಮಕ್ಕೆ, ಗುಜರಾತ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಹಬ್ಬಿರುವ ನವರಂಗಪುರವು ಅಹಮದಾಬಾದಿನ ವ್ಯಾಪಾರಿ ಬಡಾವಣೆಗಳಲ್ಲಿ ಒಂದು. ಸಿ.ಜಿ. ರಸ್ತೆಯ ಮಳಿಗೆಗಳ ಮೇಲಿನ ಮಹಡಿಗಳಲ್ಲಿ ಲೆಕ್ಕಪರಿಶೋಧಕರು, ವಕೀಲರು, ವೈದ್ಯರ ಜೊತೆಗೆ ಎರಡು ಮೂರು ಕೋಣೆಗಳ ಸಣ್ಣ ತಂತ್ರಾಂಶ ಸಂಸ್ಥೆಗಳೂ ಬೀಡುಬಿಟ್ಟಿವೆ. ಇಂಥ ಸಂಸ್ಥೆಗಳನ್ನು ನಡೆಸುವವರಲ್ಲಿ, ಅಲ್ಲಿ ದುಡಿಯುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತಾಗ ಕ್ಷೇಮ ಸಮಾಚಾರ ಮುಗಿದ ಕೂಡಲೇ ಅವರ ನಡುವೆ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹೊಸ ಕೆಲಸ ಬಂದಿದೆ, ನಮ್ಮ ಹುಡುಗರು ಸಾಲುವುದಿಲ್ಲ. ಹೊರಗಿನ ಸಂಸ್ಥೆಗೆ ಕೊಟ್ಟುಬಿಡೋಣವೇ, ಅಥವಾ ಆರು ತಿಂಗಳ ಮಟ್ಟಿಗೆ ಒಬ್ಬ ಪ್ರೋಗ್ರಾಮರನ್ನು ಗುತ್ತಿಗೆಯ ಮೇಲೆ ಕರೆದುಕೊಳ್ಳೋಣವೇ?"

ಮೇಲ್ನೋಟಕ್ಕೆ ಇದು ಹಣದ ಪ್ರಶ್ನೆ. ಆದರೆ ಇದರೊಳಗೆ ಒಡೆತನದ ಪ್ರಶ್ನೆ ಇದೆ, ಕಾಯಿದೆಯ ಪ್ರಶ್ನೆ ಇದೆ, ದುಡಿಯುವವನಿಗೆ ನ್ಯಾಯ ಸಲ್ಲಿಸುವ ಪ್ರಶ್ನೆಯೂ ಇದೆ. ಇವುಗಳನ್ನು ಅರಿಯದೆ ಮುಂದಡಿಯಿಟ್ಟು ಪೆಟ್ಟು ತಿಂದವರಲ್ಲಿ ನಾವೂ ಸೇರಿದ್ದೇವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಓದುಗರ ಮುಂದಿಡುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ಎರಡು ಮಾತುಗಳ ಅರ್ಥ

ಊರಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಭೇದವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯ ನಕ್ಷೆಯನ್ನು ಮೇಸ್ತ್ರಿಯ ಕೈಗಿತ್ತು, "ಇಷ್ಟು ಚದರಕ್ಕೆ ಇಷ್ಟು ಹಣ, ಯುಗಾದಿಯ ಹೊತ್ತಿಗೆ ಬೀಗದ ಕೈ ಕೊಡಬೇಕು" ಎಂದು ಮಾತಾಡಿಕೊಳ್ಳುವುದು ಒಂದು ಕ್ರಮ. ಯಾವ ಗಾರೆಯವನು ಬರುತ್ತಾನೆ, ಎಷ್ಟು ಆಳು ಹಚ್ಚುತ್ತಾನೆ ಎಂಬುದು ಮೇಸ್ತ್ರಿಗೆ ಬಿಟ್ಟ ವಿಚಾರ. ನಾವೇ ಮುಂದೆ ನಿಂತು, ಗಾರೆಯವರನ್ನೂ ಬಡಗಿಗಳನ್ನೂ ದಿನಗೂಲಿಗೆ ಕರೆದು, ಪ್ರತಿದಿನ ಹೇಳಿ ಮಾಡಿಸಿಕೊಳ್ಳುವುದು ಇನ್ನೊಂದು ಕ್ರಮ. ಮೊದಲನೆಯದರಲ್ಲಿ ನಾವು ಕೊಳ್ಳುವುದು ಫಲವನ್ನು. ಎರಡನೆಯದರಲ್ಲಿ ಕೊಳ್ಳುವುದು ಸಮಯವನ್ನು.

ತಂತ್ರಾಂಶದಲ್ಲಿ ಮೊದಲನೆಯದಕ್ಕೆ ಹೊರಗುತ್ತಿಗೆ ಎನ್ನುತ್ತೇವೆ. ಕೆಲಸದ ವಿವರವನ್ನು ಬರೆದು ಇನ್ನೊಂದು ಸಂಸ್ಥೆಗೆ ಕೊಡುತ್ತೇವೆ. ಅದು ತನ್ನ ಜನರಿಂದ, ತನ್ನ ಮೇಲ್ವಿಚಾರಣೆಯಲ್ಲಿ ಮಾಡಿಸಿ ಒಪ್ಪಿಸುತ್ತದೆ. ಎರಡನೆಯದು ಗುತ್ತಿಗೆ ಪ್ರೋಗ್ರಾಮರನ ಪದ್ಧತಿ. ಒಬ್ಬ ವ್ಯಕ್ತಿ ನಿಗದಿತ ಅವಧಿಗೆ ಬಂದು ನಮ್ಮ ತಂಡದ ಜೊತೆ, ನಮ್ಮ ಸೂಚನೆಯಂತೆ ದುಡಿಯುತ್ತಾನೆ. ಗಂಟೆಯ ಅಥವಾ ತಿಂಗಳ ಲೆಕ್ಕದಲ್ಲಿ ಹಣ ಪಡೆಯುತ್ತಾನೆ. ವ್ಯವಹಾರದಲ್ಲಿ ಇವೆರಡೂ ಬೆರೆಯುವುದುಂಟು. ಆದರೂ ಮೂಲಭೇದ ಒಂದೇ: ಕೆಲಸ ಕೆಟ್ಟರೆ ಹೊಣೆ ಯಾರದು? ಹೊರಗುತ್ತಿಗೆಯಲ್ಲಿ, ಕನಿಷ್ಠ ಕಾಗದದ ಮೇಲಾದರೂ, ಅದು ಹೊರಗಿನವರದು. ಗುತ್ತಿಗೆ ಪ್ರೋಗ್ರಾಮರನ ವಿಷಯದಲ್ಲಿ ಬಹುಪಾಲು ನಮ್ಮದೇ.

ಕನ್ನಡಿಗರಿಗೆ ಹೊರಗುತ್ತಿಗೆ ಎಂಬ ಪದ ಅಪರಿಚಿತವಲ್ಲ. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್, 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಕಳುಹಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ – ಇವುಗಳ ಕಥೆಯನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಆದರೆ ಆ ಕಥೆಯಲ್ಲಿ ನಮ್ಮವರು ಪರರ ಕೆಲಸವನ್ನು ವಹಿಸಿಕೊಂಡು ಮಾಡಿಕೊಡುವವರು. ನವರಂಗಪುರದ ಸಣ್ಣ ಸಂಸ್ಥೆ ನಿಂತಿರುವುದು ಮೇಜಿನ ಆಚೆ ಬದಿಯಲ್ಲಿ. ಅದು ಕೆಲಸ ಕೊಡಬೇಕು, ಅಳೆಯಬೇಕು, ಒಪ್ಪಿಕೊಳ್ಳಬೇಕು. ಈ ವಿದ್ಯೆಯೇ ಬೇರೆ.

ಸೂರತ್ತಿನ ಜಾಬ್‌ವರ್ಕ್ ಕಲಿಸುವ ಪಾಠ

ಗುಜರಾತಿನಲ್ಲಿ ಕೆಲಸವನ್ನು ಹೊರಗೆ ಕೊಡುವುದು ಹೊಸತೇನಲ್ಲ. ಸೂರತ್ತಿನ ಜವಳಿ ವ್ಯಾಪಾರಿ ಗ್ರೇ ಬಟ್ಟೆಯನ್ನು ಬಣ್ಣದ ಮಿಲ್ಲಿಗೆ ಕಳುಹಿಸುತ್ತಾನೆ, ಅಲ್ಲಿಂದ ಕಸೂತಿಯವರಿಗೆ, ಅಲ್ಲಿಂದ ಅಂಚು ಕಟ್ಟುವವರಿಗೆ. ಇದನ್ನು ಅಲ್ಲಿ ಜಾಬ್‌ವರ್ಕ್ ಎನ್ನುತ್ತಾರೆ. ವಜ್ರದ ವ್ಯಾಪಾರಿಯೂ ಒರಟು ಕಲ್ಲನ್ನು ತೂಗಿ, ಪೊಟ್ಟಣ ಕಟ್ಟಿ ಹೊಳಪು ಕೊಡುವವರ ಕೈಗೆ ಕೊಡುವುದುಂಟು. ವಡೋದರದ ಎಂಜಿನಿಯರಿಂಗ್ ಕಾರ್ಖಾನೆಗಳು ನಕ್ಷೆ ಕೊಟ್ಟು ಬಿಡಿಭಾಗಗಳನ್ನು ಹೊರಗೆ ಮಾಡಿಸಿಕೊಳ್ಳುತ್ತವೆ. ಹೀಗಿರುವಾಗ ತಂತ್ರಾಂಶವನ್ನೂ ಹಾಗೆಯೇ ಮಾಡಿಸಿದರೆ ತಪ್ಪೇನು ಎಂದು ನಮ್ಮ ಗುಜರಾತಿ ಗ್ರಾಹಕರು ಕೇಳುವುದು ಸಹಜ.

ಜಾಬ್‌ವರ್ಕ್ ಸುಸೂತ್ರವಾಗಿ ನಡೆಯಲು ಮೂರು ಕಾರಣಗಳಿವೆ. ಕೊಟ್ಟ ವಸ್ತುವನ್ನು ಮೀಟರಿನಲ್ಲೋ ಕ್ಯಾರೆಟ್ಟಿನಲ್ಲೋ ಅಳೆಯಬಹುದು. ಮರಳಿ ಬಂದ ವಸ್ತುವನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಗುಣ ಬಹುಮಟ್ಟಿಗೆ ತಿಳಿಯುತ್ತದೆ. ಕಸೂತಿ ಕೆಟ್ಟರೆ ಮುಂದಿನ ತಾನನ್ನು ಬೇರೊಬ್ಬರಿಗೆ ಕೊಡಬಹುದು; ಹಿಂದಿನ ಕಸೂತಿಗಾರನ ತಲೆಯೊಳಗೆ ಏನಿತ್ತು ಎಂದು ಹೊಸಬನು ತಿಳಿಯಬೇಕಾಗಿಲ್ಲ.

ತಂತ್ರಾಂಶದಲ್ಲಿ ಈ ಮೂರೂ ಕಷ್ಟ. ಬೇಕಾದುದನ್ನು ಮೊದಲೇ ಪೂರ್ತಿಯಾಗಿ ಬರೆದಿಡುವುದು ಅಪರೂಪ. ಅರ್ಧ ಮುಗಿದದ್ದನ್ನು ಕಂಡಾಗಲೇ ಗ್ರಾಹಕನಿಗೆ ತನಗೆ ಬೇಕಾದುದು ಹೊಳೆಯುವುದು. ಒಪ್ಪಿಸಿದ ದಿನ ಚೆನ್ನಾಗಿ ಓಡಿದ ಪ್ರೋಗ್ರಾಂ ಒಳಗೆ ಎಷ್ಟು ಗೋಜಲಾಗಿದೆ ಎಂಬುದು ಎರಡು ವರ್ಷದ ಮೇಲೆ ಬದಲಾವಣೆ ಮಾಡಹೊರಟಾಗ ತಿಳಿಯುತ್ತದೆ. ಇನ್ನು ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪ್ರೋಗ್ರಾಂ ಬರೆದವನು ಹೊರಟುಹೋದರೆ, ಹಾಗೇಕೆ ಬರೆದ ಎಂಬ ಅರಿವೂ ಅವನೊಡನೆ ಹೊರಟುಹೋಗುತ್ತದೆ. ಆದುದರಿಂದ ನಮ್ಮ ಮೊದಲ ಸೂತ್ರ ಇದು: ಸೀರೆಯಂತೆ ಅಳೆಯಬಹುದಾದ ಕೆಲಸವನ್ನು ಹೊರಗುತ್ತಿಗೆಗೆ ಕೊಡಬಹುದು. ಅಳೆಯಲಾಗದ್ದನ್ನು ಬಲ್ಲವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿಸಬೇಕು.

ಹಣದ ಲೆಕ್ಕ

ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಒಂದು ಕೆಲಸಕ್ಕೆ ಹೊರಗಿನ ಸಂಸ್ಥೆ 6,00,000 ರೂಪಾಯಿ ಕೇಳಿದೆ. ಅದೇ ಕೆಲಸಕ್ಕೆ ಗುತ್ತಿಗೆ ಪ್ರೋಗ್ರಾಮರನು ತಿಂಗಳಿಗೆ 75,000 ರೂಪಾಯಿಯಂತೆ ಆರು ತಿಂಗಳು ದುಡಿದರೆ 4,50,000 ರೂಪಾಯಿ ಆಗುತ್ತದೆ. ಒಂದೂವರೆ ಲಕ್ಷ ಉಳಿಯಿತೆಂದು ಯಾರಿಗಾದರೂ ತೋರೀತು.

ಆದರೆ ಪ್ರೋಗ್ರಾಮರನಿಗೆ ದಿನವೂ ಹೇಳಿಕೊಡಬೇಕು, ಬರೆದುದನ್ನು ನೋಡಬೇಕು. ಸಂಸ್ಥೆಯ ಪಾಲುದಾರರಲ್ಲಿ ಒಬ್ಬರು ದಿನಕ್ಕೆ 2 ಗಂಟೆ, ತಿಂಗಳಿಗೆ 25 ದಿನ ಇದಕ್ಕೆ ಮೀಸಲಿಟ್ಟರೆ ಆರು ತಿಂಗಳಿಗೆ 300 ಗಂಟೆ. ಅವರ ಗಂಟೆಯ ಬೆಲೆ 500 ರೂಪಾಯಿ ಎಂದರೂ 1,50,000 ರೂಪಾಯಿ. ಅಲ್ಲಿಗೆ ಎರಡೂ ಸಮವಾದವು. ಕೆಲಸ ಒಂದು ತಿಂಗಳು ತಡವಾದರೆ, ವೇತನ ಮತ್ತು ಮೇಲ್ವಿಚಾರಣೆ ಸೇರಿ ಇನ್ನೊಂದು ಲಕ್ಷ. ಒಟ್ಟು 7,00,000 ರೂಪಾಯಿ.

ಹೊರಗುತ್ತಿಗೆಯಲ್ಲೂ ಕಾಣದ ಖರ್ಚುಗಳಿವೆ. ಕೆಲಸದ ವಿವರ ಬರೆಯಲು, ಬಂದುದನ್ನು ಪರೀಕ್ಷಿಸಲು 100 ಗಂಟೆ ಹಿಡಿದರೆ 50,000 ರೂಪಾಯಿ. ನಡುವೆ ಕೇಳಿದ ಬದಲಾವಣೆಗಳಿಗೆ ಮೂಲ ಬೆಲೆಯ ಹತ್ತರಲ್ಲೊಂದು ಪಾಲು ಹೆಚ್ಚಾದರೆ 60,000 ರೂಪಾಯಿ. ಒಟ್ಟು 7,10,000 ರೂಪಾಯಿ. ಮೊದಲು ಒಂದೂವರೆ ಲಕ್ಷವೆಂದು ತೋರಿದ ಅಂತರ ಹತ್ತು ಸಾವಿರಕ್ಕೆ ಇಳಿಯಿತು. ಓದುಗರು ತಮ್ಮ ಸಂಖ್ಯೆಗಳನ್ನು ಹಾಕಿ ನೋಡಬಹುದು. ಕಾಣುವ ಬೆಲೆಯೊಂದರಿಂದಲೇ ತೀರ್ಮಾನಕ್ಕೆ ಬರಲಾಗದು ಎಂಬುದಷ್ಟೇ ಇಲ್ಲಿ ನಮ್ಮ ತಾತ್ಪರ್ಯ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ವಿಷಯವನ್ನೇ ಎತ್ತಿಕೊಂಡರು. ಎಲ್ಲವೂ ಪೇಟೆಯಲ್ಲಿ ದೊರೆಯುವಾಗ ಸಂಸ್ಥೆಗಳು ಏಕಿರಬೇಕು? ಪೇಟೆಯಲ್ಲಿ ಕೊಳ್ಳುವುದಕ್ಕೂ ಒಂದು ಖರ್ಚಿದೆ. ಹುಡುಕಬೇಕು, ಬೆಲೆ ಕುದುರಿಸಬೇಕು, ಒಪ್ಪಂದ ಬರೆಯಬೇಕು, ಅದರಂತೆ ನಡೆಯಿತೇ ಎಂದು ನೋಡಬೇಕು. ಈ ಖರ್ಚು ಒಳಗೆ ಮಾಡುವ ಖರ್ಚನ್ನು ಮೀರಿದಾಗ ಕೆಲಸ ಸಂಸ್ಥೆಯೊಳಗೆ ಬರುತ್ತದೆ ಎಂಬುದು ಅವರ ಉತ್ತರ. ಹಾಗೆಯೇ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ಎಚ್ಚರಿಸಿದ್ದರು. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆಯೇ ಬೀಳುವುದು ಇದಕ್ಕೆ ಮುಖ್ಯ ಕಾರಣ. ಗಡುವಿಗೆ ಹದಿನೈದು ದಿನವಿರುವಾಗ ಗುತ್ತಿಗೆಯವನನ್ನು ಹುಡುಕಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ಬರೆದದ್ದು ಯಾರ ಸೊತ್ತು?

ಈಗ ನಾವು ಪೆಟ್ಟು ತಿಂದ ಕಥೆಗೆ ಬರೋಣ. 2014ರಲ್ಲಿ ನಾವು ಸೂರತ್ತಿನ ಜವಳಿ ವ್ಯಾಪಾರಿಗಳಿಗಾಗಿ ಜಾಬ್‌ವರ್ಕಿನ ಲೆಕ್ಕ ಇಡುವ ತಂತ್ರಾಂಶವೊಂದನ್ನು ಹೊರಗಿನ ಸಂಸ್ಥೆಯೊಂದರಿಂದ ಮಾಡಿಸಿದೆವು. ಒಪ್ಪಂದ ಒಂದೂವರೆ ಪುಟದ್ದು. ಬೆಲೆ, ಕಂತು, ಗಡುವು ಇವಿಷ್ಟೇ ಅದರಲ್ಲಿದ್ದವು. ಮೂರು ವರ್ಷ ಎಲ್ಲವೂ ಚೆನ್ನಾಗಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. ಬಿಲ್ಲಿನ ಸ್ವರೂಪವೇ ಬದಲಾಗಬೇಕಾಯಿತು. ಮಾಡಿಕೊಟ್ಟವರನ್ನು ಕೇಳಿದರೆ ಆ ತಂಡ ಚದುರಿಹೋಗಿತ್ತು. ಸೋರ್ಸ್ ಕೋಡ್ ಕೊಡಲು ಒಪ್ಪಲಿಲ್ಲ, ತಾವೇ ತಿದ್ದಿಕೊಡಲು ಕೇಳಿದ ಮೊತ್ತ ಮೊದಲಿನ ಬೆಲೆಗೆ ಸಮೀಪವಾಗಿತ್ತು. ನಮ್ಮಲ್ಲಿದ್ದುದು ಓಡುವ ಪ್ರೋಗ್ರಾಂ ಮಾತ್ರ. ಆ ಜುಲೈನಲ್ಲಿ ಸೂರತ್ತಿನ ಜವಳಿ ವ್ಯಾಪಾರಿಗಳು ಹೊಸ ತೆರಿಗೆಯ ವಿರುದ್ಧ ಅಂಗಡಿ ಮುಚ್ಚಿ ಮುಷ್ಕರ ಹೂಡಿದ್ದರಿಂದ ನಮಗೆ ಕೆಲವು ದಿನಗಳ ಉಸಿರು ಸಿಕ್ಕಿತು. ಮುಷ್ಕರ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೇ ಬಿಲ್ಲು ಬೇಕಾಯಿತು. ತಂತ್ರಾಂಶವನ್ನು ಮೊದಲಿನಿಂದ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹಲವು ಗ್ರಾಹಕರು ಬೇರೆಡೆಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ಮರಳಲಿಲ್ಲ.

ವಕೀಲರ ಬಳಿ ಹೋದಾಗಲೇ ನಮಗೆ ಕಾಯಿದೆ ತಿಳಿದದ್ದು. ಹಣ ಕೊಟ್ಟವನೇ ಒಡೆಯ ಎಂದು ನಾವು ತಿಳಿದಿದ್ದೆವು; ಅದು ತಪ್ಪು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಗಣಕಯಂತ್ರದ ಪ್ರೋಗ್ರಾಂ ಒಂದು ಸಾಹಿತ್ಯಕೃತಿ. ಸಾಹಿತ್ಯಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ಇದಕ್ಕೆ 17ನೆಯ ಕಲಂನಲ್ಲಿ ಒಂದು ಮುಖ್ಯ ಅಪವಾದವಿದೆ. ನೌಕರನು ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾಲೀಕನದಾಗುತ್ತದೆ. ಆದರೆ ಗುತ್ತಿಗೆ ಪ್ರೋಗ್ರಾಮರನು ನೌಕರನಲ್ಲ, ಹೊರಗುತ್ತಿಗೆಯ ಸಂಸ್ಥೆಯಂತೂ ಅಲ್ಲವೇ ಅಲ್ಲ. ಆದುದರಿಂದ ಬರವಣಿಗೆಯಲ್ಲಿ ಹಕ್ಕನ್ನು ವರ್ಗಾಯಿಸಿಕೊಳ್ಳದಿದ್ದರೆ, ಹಣ ಪೂರ್ತಿ ಸಂದಾಯವಾಗಿದ್ದರೂ ಕೃತಿಸ್ವಾಮ್ಯ ಅವರಲ್ಲಿಯೇ ಉಳಿಯುತ್ತದೆ. ನಮಗೆ ಬಳಸುವ ಅನುಮತಿ ಇದೆಯೆಂದು ವಾದಿಸಬಹುದಷ್ಟೆ.

ವರ್ಗಾವಣೆ ಬರೆಸಿಕೊಂಡರೂ ಸಾಲದು, ಅದನ್ನು ಸರಿಯಾಗಿ ಬರೆಸಿಕೊಳ್ಳಬೇಕು. 19ನೆಯ ಕಲಂ ಪ್ರಕಾರ ವರ್ಗಾವಣೆ ಲಿಖಿತವಾಗಿದ್ದು, ವರ್ಗಾಯಿಸುವವರ ಸಹಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೊಂದೇ ಎಂದೂ ಅರ್ಥ. ದುಬೈಯಲ್ಲೋ ನೈರೋಬಿಯಲ್ಲೋ ಗ್ರಾಹಕರನ್ನು ಹೊಂದಿರುವ ಗುಜರಾತಿನ ಸಂಸ್ಥೆಗೆ ಇದು ಸಣ್ಣ ಮಾತಲ್ಲ. ವರ್ಗಾಯಿಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಆ ಹಕ್ಕು ಬಿದ್ದುಹೋಗುತ್ತದೆ. ಈ ಮೂರು ಸಂಗತಿಗಳಿಗೆ ಮೂರು ಸಾಲು ಬರೆದಿದ್ದರೆ ನಮ್ಮ ನಾಲ್ಕು ತಿಂಗಳು ಉಳಿಯುತ್ತಿದ್ದವು.

ಗುತ್ತಿಗೆದಾರನೋ, ನೌಕರನೋ? – ಉಪ್ಪಿನ ಗದ್ದೆಯ ತೀರ್ಪು

ಗುತ್ತಿಗೆ ಪ್ರೋಗ್ರಾಮರನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಾವು ಅವನನ್ನು ಗುತ್ತಿಗೆದಾರನೆಂದು ಕರೆದ ಮಾತ್ರಕ್ಕೆ ಅವನು ಗುತ್ತಿಗೆದಾರನಾಗುತ್ತಾನೆಯೇ? ಈ ಪ್ರಶ್ನೆಗೆ ದಾರಿ ತೋರಿದ ಪ್ರಸಿದ್ಧ ತೀರ್ಪು ಹುಟ್ಟಿದ್ದು ಇದೇ ಗುಜರಾತಿನ ನೆಲದಲ್ಲಿ, ತಂತ್ರಾಂಶದ ಹೆಸರೂ ಕೇಳಿರದ ಕಾಲದಲ್ಲಿ.

ಕಛ್‌ನ ರಣದ ಅಂಚಿನಲ್ಲಿ ಉಪ್ಪು ತೆಗೆಯುವವರನ್ನು ಅಗರಿಯಾ ಎನ್ನುತ್ತಾರೆ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಸಂಸ್ಥೆ ಹಂಗಾಮಿನಲ್ಲಿ ಅವರಿಗೆ ನೆಲದ ಪಟ್ಟಿಗಳನ್ನು ಹಂಚಿಕೊಡುತ್ತಿತ್ತು. ಅವರು ಕುಟುಂಬ ಸಮೇತ ದುಡಿದು ಉಪ್ಪು ತಯಾರಿಸಿ, ತೂಕದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು. ಇಂತಿಷ್ಟೇ ಗಂಟೆ ದುಡಿಯಬೇಕೆಂಬ ನಿಯಮವಿರಲಿಲ್ಲ. ಬೇಕಾದರೆ ತಮ್ಮ ಖರ್ಚಿನಲ್ಲಿ ಬೇರೆಯವರನ್ನು ಹಚ್ಚಿಕೊಳ್ಳಬಹುದಿತ್ತು. ಆದುದರಿಂದ ಅವರು ಸ್ವತಂತ್ರ ಗುತ್ತಿಗೆದಾರರು ಎಂಬುದು ಸಂಸ್ಥೆಯ ವಾದ. ಸೌರಾಷ್ಟ್ರ ರಾಜ್ಯದ ಎದುರು ನಡೆದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1956ರ ನವೆಂಬರಿನಲ್ಲಿ ಆ ವಾದವನ್ನು ತಳ್ಳಿಹಾಕಿತು. ಏನು ಮಾಡಬೇಕು ಎಂಬುದನ್ನಷ್ಟೇ ಅಲ್ಲದೆ ಹೇಗೆ ಮಾಡಬೇಕು ಎಂಬುದನ್ನೂ ಹೇಳುವ ಅಧಿಕಾರ ಕೆಲಸ ಕೊಟ್ಟವನಿಗಿದೆಯೇ ಎಂದು ನೋಡಬೇಕು, ಮತ್ತು ಆ ಹತೋಟಿಯ ಸ್ವರೂಪ ಉದ್ಯಮದಿಂದ ಉದ್ಯಮಕ್ಕೆ ಬೇರೆಯಾಗಿರುತ್ತದೆ ಎಂಬುದು ನ್ಯಾಯಾಲಯದ ನಿಲುವು. ಉಪ್ಪು ತಯಾರಾಗುವ ಹಂತಹಂತದಲ್ಲೂ ಸಂಸ್ಥೆಯ ಮೇಲ್ವಿಚಾರಣೆ ಇದ್ದುದರಿಂದ ಅಗರಿಯಾಗಳು ಕಾರ್ಮಿಕರೇ ಎಂದು ತೀರ್ಮಾನವಾಯಿತು.

ಕರಾವಳಿಯ ಓದುಗರಿಗೆ ಇದು ಬೀಡಿಯ ಕಥೆಯನ್ನು ನೆನಪಿಸೀತು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರನ್ನೂ ಕಾರ್ಮಿಕರೆಂದು ಪರಿಗಣಿಸಿದ 1966ರ ಕಾಯಿದೆಯನ್ನು ಪ್ರಶ್ನಿಸಿದವರಲ್ಲಿ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯೂ ಇತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಅವರು 'ಸೇವಾ' ಸಂಘಟನೆಯನ್ನು ನೋಂದಾಯಿಸಹೋದಾಗಲೂ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೇಕೆ ಎಂಬ ಆಕ್ಷೇಪ ಎದುರಾಗಿತ್ತು.

ಕಡಲಾಚೆಯ ಉದಾಹರಣೆಯೂ ಇದೆ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ಹಲವರನ್ನು ವರ್ಷಗಟ್ಟಲೆ ಸ್ವತಂತ್ರ ಗುತ್ತಿಗೆದಾರರೆಂಬ ಹೆಸರಿನಲ್ಲಿ ದುಡಿಸಿಕೊಂಡಿತ್ತು. ಅವರು ವಾಸ್ತವದಲ್ಲಿ ನೌಕರರೇ ಎಂದು ಅಲ್ಲಿಯ ತೆರಿಗೆ ಇಲಾಖೆ ಕಂಡುಕೊಂಡಿತು. ಆಮೇಲೆ ಆ ದುಡಿಮೆಗಾರರು ಹೂಡಿದ ಮೊಕದ್ದಮೆ 2000ದ ಡಿಸೆಂಬರಿನಲ್ಲಿ 9 ಕೋಟಿ 70 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು.

ನಮ್ಮ ಕಚೇರಿಗೆ ಇದರಿಂದ ಬರುವ ಬೋಧೆ ಸರಳವಾಗಿದೆ. ಪ್ರೋಗ್ರಾಮರನು ದಿನವೂ ಹತ್ತಕ್ಕೆ ಬಂದು, ನಮ್ಮ ಗಣಕಯಂತ್ರದಲ್ಲಿ, ನಮ್ಮ ಅಪ್ಪಣೆಯಂತೆ, ಬೇರೆ ಯಾರಿಗೂ ದುಡಿಯದೆ, ಪ್ರತಿ ತಿಂಗಳು ಒಂದೇ ಮೊತ್ತ ಪಡೆಯುತ್ತ ಎರಡು ಮೂರು ವರ್ಷ ಕಳೆದರೆ, ಕಾಗದದ ಮೇಲಿನ 'ಸಲಹೆಗಾರ' ಎಂಬ ಪದ ನಮ್ಮನ್ನು ಕಾಪಾಡುತ್ತದೆಂದು ನಂಬುವಂತಿಲ್ಲ. ಅಂಥವನನ್ನು ನಿಗದಿತ ಅವಧಿಯ ನೌಕರನಾಗಿ ನೇಮಿಸಿಕೊಳ್ಳುವ ಮೂರನೆಯ ಮಾರ್ಗವೂ ಉಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಇದಕ್ಕೆ ಸ್ಪಷ್ಟ ಸ್ಥಾನವಿದೆ. ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಾಗಿದ್ದ ಜಾಗದಲ್ಲಿ, ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷದ ಸೇವೆ ಸಾಕು. ಇದರಿಂದ ನಮಗೂ ಒಂದು ಅನುಕೂಲವಿದೆ. ಅವನು ನೌಕರಿಯಲ್ಲಿ ಬರೆದ ಪ್ರೋಗ್ರಾಮಿನ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರವೇ ಸಂಸ್ಥೆಗೆ ಸೇರುತ್ತದೆ.

ತೆರಿಗೆ ಮತ್ತು ಪಾವತಿ

ಗುತ್ತಿಗೆ ಪ್ರೋಗ್ರಾಮರನಿಗಾಗಲಿ ಹೊರಗಿನ ಸಂಸ್ಥೆಗಾಗಲಿ ಹಣ ಕೊಡುವಾಗ ನಿಗದಿತ ಮಿತಿ ದಾಟಿದರೆ ಮೂಲದಲ್ಲಿ ಆದಾಯ ತೆರಿಗೆ ಕಡಿತ ಮಾಡಬೇಕಾಗುತ್ತದೆ. ಕೆಲಸದ ಗುತ್ತಿಗೆಗೆ, ತಾಂತ್ರಿಕ ಸೇವೆಗೆ, ವೃತ್ತಿಪರ ಸೇವೆಗೆ ದರಗಳು ಬೇರೆಬೇರೆ. ನಮ್ಮ ಪಾವತಿ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯುವುದು ಲೇಸು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯೊಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದುದರಿಂದ ಒಬ್ಬಂಟಿ ಪ್ರೋಗ್ರಾಮರನ ಬಿಲ್ಲಿನಲ್ಲಿ ಈ ತೆರಿಗೆ ಇಲ್ಲದಿರಬಹುದು. ನೋಂದಾಯಿತ ಸಂಸ್ಥೆಯ ಬಿಲ್ಲಿನಲ್ಲಿ ಶೇಕಡ 18 ಇರುತ್ತದೆ. ನಮ್ಮ ಮೇಲಿನ ಉದಾಹರಣೆಯ 6,00,000 ರೂಪಾಯಿಗೆ ಅದು 1,08,000 ರೂಪಾಯಿ. ನಾವೂ ನೋಂದಾಯಿತರಾಗಿ ತೆರಿಗೆ ಕಟ್ಟುವವರಾಗಿದ್ದರೆ ಆ ಮೊತ್ತವನ್ನು ನಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಅಲ್ಲಿಯವರೆಗೆ ಕೈಯಿಂದ ಹಣ ಹೂಡಿರಬೇಕು. ತಿಂಗಳ ಕೊನೆಯಲ್ಲಿ ವೇತನಕ್ಕೆ ತಡಕಾಡುವ ಸಣ್ಣ ಸಂಸ್ಥೆಗೆ ಇದರ ಭಾರ ಗೊತ್ತಿರುತ್ತದೆ.

ಇನ್ನು ಪಾವತಿಯ ಗಡುವು. ಕೆಲಸ ಮಾಡಿಕೊಟ್ಟವರು ಅತಿಸಣ್ಣ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿತರಾಗಿದ್ದರೆ, 2006ರ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದಲ್ಲಿ ಹೆಚ್ಚೆಂದರೆ 45 ದಿನಗಳೊಳಗೆ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಅಲ್ಲದೆ 2023-24ರ ಹಣಕಾಸು ವರ್ಷದಿಂದ, ಹೀಗೆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ವಾಸ್ತವವಾಗಿ ಪಾವತಿಸುವ ವರ್ಷದವರೆಗೆ, ನಮ್ಮ ಆದಾಯದ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. "ಗ್ರಾಹಕರು ಕೊಟ್ಟ ಮೇಲೆ ನಿಮಗೆ ಕೊಡುತ್ತೇವೆ" ಎಂಬ ಹಳೆಯ ಮಾತು ಈಗ ನಡೆಯದು.

ಯಾವಾಗ ಯಾವುದು?

ಇಷ್ಟನ್ನು ತಿಳಿದ ಮೇಲೆ ಮೊದಲ ಪ್ರಶ್ನೆಗೆ ಮರಳೋಣ. ನಮ್ಮ ಅನುಭವದಲ್ಲಿ ಕೆಳಗಿನ ವಿವೇಚನೆ ಉಪಯೋಗಕ್ಕೆ ಬಂದಿದೆ.

ಮೊದಲನೆಯದಾಗಿ, ಗ್ರಾಹಕನು ಯಾವುದಕ್ಕಾಗಿ ನಮ್ಮ ಬಳಿ ಬರುತ್ತಾನೋ ಅದನ್ನು ಹೊರಗೆ ಕೊಡಬಾರದು. ಜವಳಿ ಲೆಕ್ಕದ ತಂತ್ರಾಂಶ ಮಾರುವವರಿಗೆ ಆ ಲೆಕ್ಕದ ಒಳಗಿನ ನಿಯಮಗಳೇ ಜೀವಾಳ. ಅದನ್ನು ನಮ್ಮವರೇ ಬರೆಯಬೇಕು. ಕೈ ಸಾಲದಿದ್ದರೆ ಗುತ್ತಿಗೆಯವನನ್ನು ನಮ್ಮವರ ಪಕ್ಕದಲ್ಲಿ ಕೂರಿಸಬೇಕು.

ಎರಡನೆಯದಾಗಿ, ಅಂಚಿನಲ್ಲಿರುವ, ಸ್ಪಷ್ಟವಾಗಿ ಬರೆದು ಕೊಡಬಹುದಾದ, ಒಮ್ಮೆ ಮಾಡಿ ಮುಗಿಯುವ ಕೆಲಸಗಳನ್ನು ಹೊರಗುತ್ತಿಗೆಗೆ ಕೊಡಬಹುದು. ಸಂಸ್ಥೆಯ ಜಾಲತಾಣ, ಹಳೆಯ ದತ್ತಾಂಶವನ್ನು ಹೊಸ ನಮೂನೆಗೆ ತರುವುದು, ಮೊಬೈಲ್ ಪರದೆಯ ವಿನ್ಯಾಸ ಮುಂತಾದವು ಈ ಬಗೆಯವು.

ಮೂರನೆಯದಾಗಿ, ನಮಗೆ ಬೇಕಾದುದೇನೆಂದು ನಮಗೇ ಇನ್ನೂ ತಿಳಿಯದಿರುವಾಗ ನಿಗದಿತ ಬೆಲೆಯ ಹೊರಗುತ್ತಿಗೆ ಜಗಳಕ್ಕೆ ದಾರಿ. ಅಲ್ಲಿ ಗುತ್ತಿಗೆ ಪ್ರೋಗ್ರಾಮರನೇ ಸೂಕ್ತ.

ನಾಲ್ಕನೆಯದಾಗಿ, ಸಂಸ್ಥೆಯಲ್ಲಿ ಪ್ರೋಗ್ರಾಂ ಓದಿ ಅರ್ಥಮಾಡಿಕೊಳ್ಳಬಲ್ಲವರು ಒಬ್ಬರೂ ಇಲ್ಲದಿದ್ದರೆ ಎರಡು ಮಾರ್ಗಗಳೂ ಅಪಾಯಕರ. ಮೊದಲು ಅಂಥ ಒಬ್ಬರನ್ನು ಖಾಯಂ ಆಗಿ ಇಟ್ಟುಕೊಳ್ಳಬೇಕು. ಈಗ ಯಂತ್ರಬುದ್ಧಿಯ ಸಾಧನಗಳು ಕ್ಷಣಾರ್ಧದಲ್ಲಿ ಪುಟಗಟ್ಟಲೆ ಪ್ರೋಗ್ರಾಂ ಬರೆದುಕೊಡುವುದರಿಂದ, ಬರೆಯುವವರಿಗಿಂತ ಓದಿ ತಪ್ಪು ಹಿಡಿಯಬಲ್ಲವರ ಅಗತ್ಯ ಹೆಚ್ಚಾಗಿದೆ.

ಒಪ್ಪಂದದಲ್ಲಿ ಇರಲೇಬೇಕಾದವು

ಯಾವ ಮಾರ್ಗ ಹಿಡಿದರೂ ಬರಹದಲ್ಲಿ ಕೆಲವು ಮಾತುಗಳು ಇರಲೇಬೇಕು. ಕೃತಿಸ್ವಾಮ್ಯದ ವರ್ಗಾವಣೆ, ಅದರ ಪೂರ್ಣ ಅವಧಿ, ಜಗತ್ತಿನಾದ್ಯಂತ ಎಂಬ ಪದ, ಮತ್ತು ಒಂದು ವರ್ಷ ಬಳಸದಿದ್ದರೂ ಹಕ್ಕು ಬೀಳದೆಂಬ ಸಾಲು ಮೊದಲನೆಯವು. ಹೊರಗಿನ ಸಂಸ್ಥೆಯಾದರೆ, ಅದರ ಪರವಾಗಿ ಬರೆಯುವ ಪ್ರೋಗ್ರಾಮರರ ಹಕ್ಕೂ ಆ ಸಂಸ್ಥೆಗೆ ಬಂದಿದೆ ಎಂಬ ಖಾತರಿಯನ್ನು ಪಡೆಯಬೇಕು. ಸೋರ್ಸ್ ಕೋಡ್ ಕೊನೆಯ ದಿನ ಬರುವುದಲ್ಲ, ಮೊದಲ ದಿನದಿಂದಲೇ ನಮ್ಮ ಹೆಸರಿನ ಖಾತೆಯಲ್ಲಿ ಶೇಖರವಾಗಬೇಕು. ಬಳಸಿದ ಮುಕ್ತ ತಂತ್ರಾಂಶಗಳ ಪಟ್ಟಿ ಮತ್ತು ಅವುಗಳ ಪರವಾನಗಿಯ ವಿವರ ಕೇಳಬೇಕು. ಕಂತುಗಳನ್ನು ತಿಂಗಳಿಗಲ್ಲದೆ ಪರೀಕ್ಷಿಸಿ ಒಪ್ಪಿದ ಹಂತಗಳಿಗೆ ಜೋಡಿಸಬೇಕು. ಒಪ್ಪಿಸಿದ ಮೇಲೆ ಎಷ್ಟು ತಿಂಗಳು ತಪ್ಪುಗಳನ್ನು ಉಚಿತವಾಗಿ ತಿದ್ದಬೇಕು, ಬಿಟ್ಟುಹೋಗುವಾಗ ಎಷ್ಟು ದಿನ ಮುಂದಿನವರಿಗೆ ವಿವರಿಸಬೇಕು ಎಂಬುದೂ ಇರಬೇಕು.

ಗೋಪ್ಯತೆಯ ಕರಾರು ಸಿಂಧುವಾಗುತ್ತದೆ. ಆದರೆ "ನಮ್ಮನ್ನು ಬಿಟ್ಟ ಮೇಲೆ ಎರಡು ವರ್ಷ ಇದೇ ಬಗೆಯ ಕೆಲಸ ಮಾಡಕೂಡದು" ಎಂಬ ಸಾಲನ್ನು ನೆಚ್ಚಿಕೊಳ್ಳಬಾರದು. 1872ರ ಕರಾರು ಕಾಯಿದೆಯ 27ನೆಯ ಕಲಂ ವೃತ್ತಿಯನ್ನು ತಡೆಯುವ ಕರಾರನ್ನು ಅಸಿಂಧುವೆನ್ನುತ್ತದೆ. ಗ್ರಾಹಕರ ವೈಯಕ್ತಿಕ ದತ್ತಾಂಶ ಹೊರಗೆ ಹೋಗುವಂತಿದ್ದರೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ತ್ವದಂತೆ, ದತ್ತಾಂಶವನ್ನು ಬೇರೆಯವರಿಂದ ಸಂಸ್ಕರಿಸಿದರೂ ಅದನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸಿದವರ ಹೊಣೆ ತಪ್ಪುವುದಿಲ್ಲ.

ಕೊನೆಯ ಮಾತು

ತಾನು ಮಾಡಿದರೆ ಉತ್ತಮ, ಮಗ ಮಾಡಿದರೆ ಮಧ್ಯಮ, ಆಳು ಮಾಡಿದರೆ ಹಾಳು ಎಂದು ನಮ್ಮಲ್ಲಿ ಗಾದೆಯುಂಟು. ಆಳನ್ನು ಹಳಿಯಲು ಈ ಗಾದೆಯನ್ನು ಬಳಸುವುದೇ ಹೆಚ್ಚು. ಆದರೆ ನಾವು ಕಂಡ ಮಟ್ಟಿಗೆ ಕೆಲಸ ಹಾಳಾದದ್ದು ಆಳಿನಿಂದಲ್ಲ. ಏನು ಬೇಕೆಂದು ಹೇಳದ, ಬಂದುದನ್ನು ನೋಡದ, ಬರೆದುಕೊಳ್ಳಬೇಕಾದುದನ್ನು ಬರೆದುಕೊಳ್ಳದ ಯಜಮಾನನಿಂದ. 2017ರ ನಮ್ಮ ನಷ್ಟಕ್ಕೆ ಹೊರಗಿನವರನ್ನು ದೂರಿ ಬಹಳ ದಿನ ಕಳೆದೆವು; ಸಹಿ ಹಾಕಿದ ಒಂದೂವರೆ ಪುಟದಲ್ಲಿ ನಮ್ಮ ಸಹಿಯೂ ಇತ್ತೆಂಬುದನ್ನು ಒಪ್ಪಿಕೊಳ್ಳಲು ಇನ್ನೂ ಹೆಚ್ಚು ದಿನ ಹಿಡಿಯಿತು.

ಊರು ಬಿಟ್ಟು ಬಂದು ಇಲ್ಲಿ ಸಣ್ಣ ಉದ್ಯಮ ಕಟ್ಟಿದ ಕನ್ನಡಿಗರಿಗೆ, ಹಾಗೆಯೇ ಗುತ್ತಿಗೆಯ ಮೇಲೆ ದುಡಿಯುವ ನಮ್ಮ ಯುವಕ ಯುವತಿಯರಿಗೆ, ಈ ಲೇಖನ ಸಹಿ ಹಾಕುವ ಮುನ್ನ ಒಮ್ಮೆ ನಿಂತು ಓದುವಂತೆ ಪ್ರೇರೇಪಿಸಿದರೆ ನಮ್ಮ ಶ್ರಮ ಸಾರ್ಥಕ. ಪ್ರತಿಯೊಬ್ಬರ ಸಂದರ್ಭವೂ ಬೇರೆಯಾಗಿರುವುದರಿಂದ ಒಪ್ಪಂದದ ಕರಡನ್ನು ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿಯೇ ಮುಂದುವರಿಯಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.